ಪಕ್ಕೆಲುಬಿನ ಆಚೆಗೆ

ಜನವರಿ 9

ಪ್ರೀತಿಯ ಚೂಟಿ,

ಸುದ್ದಿ ನಿನಗೆ ಮೊದಲೇ ಗೊತ್ತಿತ್ತು ಅಲ್ಲವೇನೇ ಕಳ್ಳಿ? ಇವತ್ತು ನಮ್ಮ ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಇನ್ನು ಮುಂದೆ ಹಸುಗೂಸುಗಳ ವಾರ್ಡಿನ ಎಕ್ಸ್‌ರೇ ಎಲ್ಲ ಕಂಪ್ಯೂಟರಿನಲ್ಲಿ ನಿಮ್ಮ ದೊಡ್ಡಾಸ್ಪತ್ರೆಗೆ ಹೋಗುತ್ತವಂತೆ, ರಿಪೋರ್ಟ್ ಅಲ್ಲಿಂದ ಬರುತ್ತದಂತೆ. ಕೆಳಗೆ ಚಿತ್ರ ನೋಡುವ ಡಾಕ್ಟರ ಹೆಸರು. ನಿನ್ನ ಹೆಸರು! ಬೋರ್ಡಿನ ಮುಂದೆ ನಿಂತು ಮೂರು ಸಲ ಓದಿದೆ. ದೊಡ್ಡ ಸಿಸ್ಟರ್ ಬಂದು, "ಏನಮ್ಮಾ, ಲಾಟರಿ ಹೊಡೀತಾ?" ಅಂದರು. "ಅದಕ್ಕಿಂತ ಜಾಸ್ತಿ," ಅಂದೆ.

ನಾನು ಚಿತ್ರ ತೆಗೆಯುವುದು, ನೀನು ಓದುವುದು. ಏಳು ತಿಂಗಳಿಗೇ ಆತುರಪಟ್ಟು ಹುಟ್ಟಿದವಳು ನೀನು. ಹನ್ನೊಂದು ವರ್ಷದ ನಾನು ನಿನ್ನನ್ನು ಹತ್ತಿಯಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಉಸಿರಾಡುತ್ತಿದ್ದೀಯೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತಿದ್ದೆ. ಅಂಥ ಕೂಸುಗಳ ಎದೆಯೊಳಗೆ ಏನಿದೆ ಅಂತ ಹೇಳುವವಳು ಈಗ ನೀನೇ. ಅಮ್ಮನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ. "ಗೊತ್ತು ಬಿಡೇ, ಅವಳು ಚೂಟಿ," ಅಂದರು, ಹೊಸದೇನೂ ಹೇಳಿಲ್ಲವೇನೋ ಎಂಬ ಹಾಗೆ.

ಇಲ್ಲಿಯ ಕೆಲಸ ನಿನಗೆ ತಿಳಿದಿರಲಿ. ಗಾಜಿನ ಪೆಟ್ಟಿಗೆಯಿಂದ ಕೂಸನ್ನು ಆಚೆ ತೆಗೆಯುವ ಹಾಗಿಲ್ಲ. ಸಿಸ್ಟರ್ ಎರಡೂ ಕೈಯಲ್ಲಿ ಒಂದು ಬೆರಳಿನಷ್ಟು ಎತ್ತಿ ಹಿಡಿದರೆ ಅಷ್ಟರಲ್ಲಿ ನಾನು ಪ್ಲೇಟನ್ನು ಬೆನ್ನ ಕೆಳಗೆ ಜಾರಿಸಬೇಕು. ಚರ್ಮ ಒದ್ದೆ ಕಾಗದದ ಹಾಗೆ. ಮೊನ್ನೆ ಒಂದು ಹೊಟ್ಟೆಯ ಚಿತ್ರ ನೋಡಿ ನಮ್ಮ ಗಡಿಬಿಡಿ ಡಾಕ್ಟರ್ ಕುಣಿದುಬಿಟ್ಟರು. ಅವರಿಗೆ ಈ ಹೆಸರಿಟ್ಟವರು ನಾವೇ, ಮನುಷ್ಯ ಚಹಾವನ್ನೂ ನಿಂತು ಕುಡಿಯುವುದಿಲ್ಲ. "ಅಯ್ಯೋ, ಹೊಟ್ಟೇಲಿ ಗಾಳಿ! ಕರುಳು ಒಡೆದಿದೆ! ಸರ್ಜನ್‌ಗೆ ಫೋನ್ ಮಾಡಿ!" ನೋಡಿದರೆ ಹೊಟ್ಟೆಯ ಮಧ್ಯೆ ಬಳೆಯಷ್ಟು ದುಂಡಗೆ ಕಪ್ಪು ಮಚ್ಚೆ. ಗಾಳಿ ಎಲ್ಲಾದರೂ ಅಷ್ಟು ಶಿಸ್ತಾಗಿ ನಿಲ್ಲುತ್ತದೆಯೇ? ಪೆಟ್ಟಿಗೆಯ ಮುಚ್ಚಳದ ತೂತೇ ಚಿತ್ರದಲ್ಲಿ ಹಾಗೆ ಬಿದ್ದಿತ್ತು. ಆ ತೂತಿಗೆ ಬೆರಳು ತೂರಿಸಿ, "ಡಾಕ್ಟರೇ, ನಿಮ್ಮ ಗಾಳಿ ಇಲ್ಲಿದೆ," ಅಂದೆ. ಎರಡು ದಿನ ನನ್ನ ಮುಖ ನೋಡಲಿಲ್ಲ.

ಚಿತ್ರ ಒಂದು ನಿಮಿಷಕ್ಕೆ ನಿನ್ನ ಹತ್ತಿರ ಬರುತ್ತದೆ, ಕಾಗದಕ್ಕೆ ಮೂರ್ನಾಲ್ಕು ದಿನ. ಆದರೂ ಕಾಗದವೇ ಬರಿ. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತಾ ಬೇರೇನೋ ಮಾಡುತ್ತಿರುತ್ತೀಯ.

ನಿನ್ನ
ಅಕ್ಕ

*

ಜನವರಿ 16

ಅಕ್ಕಾ,

ಕಳ್ಳಿ ಅಂದದ್ದನ್ನು ಕ್ಷಮಿಸಿದ್ದೇನೆ. ಪಟ್ಟಿಯಲ್ಲಿ ನಿಮ್ಮ ಆಸ್ಪತ್ರೆ ಕಂಡಾಗ ನಾನೇ ಕೇಳಿ ತೆಗೆದುಕೊಂಡೆ. ನಮ್ಮಕ್ಕ ತೆಗೆದ ಚಿತ್ರ ಬೇರೆ ಯಾರೋ ಯಾಕೆ ಓದಬೇಕು?

ಎರಡು ಮಾತು, ಬೇಜಾರು ಮಾಡಿಕೊಳ್ಳಬೇಡ. ಅಲ್ಲಿ ನಾನು ನಿನ್ನ ತಂಗಿ ಅಂತ ಡಂಗುರ ಹೊಡೆಯಬೇಡ. ರಿಪೋರ್ಟಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಮನೆಮಂದಿಯ ವ್ಯವಹಾರ ಅನ್ನುತ್ತಾರೆ.

ಇನ್ನೊಂದು, ನೀನು ಕಳಿಸಿದ ಮೊದಲ ಐದು ಚಿತ್ರ ನೋಡಿದೆ. ಗಲ್ಲ ಇದೆ, ಎರಡು ಕೈ ಇದೆ, ಸಿಸ್ಟರ್‌ನ ಬೆರಳಿದೆ, ಉಂಗುರ ಸಮೇತ. ತಂತಿ, ಡೈಪರ್ ಎಲ್ಲ ಇದೆ. ಎದೆ ಎಲ್ಲಿ ಅಂತ ಹುಡುಕಬೇಕಾಯಿತು! ದಿನಕ್ಕೆ ನೂರಿಪ್ಪತ್ತು ಚಿತ್ರ ನೋಡುತ್ತೇನೆ ಅಕ್ಕಾ. ಇನ್ನು ಮೇಲೆ ಕಳಿಸುವ ಮುಂಚೆ ಕಂಪ್ಯೂಟರಿನಲ್ಲೇ ಅಂಚು ಕತ್ತರಿಸು. ಹೊಟ್ಟೆಯದಾದರೆ ಹೊಟ್ಟೆ, ಎದೆಯದಾದರೆ ಎದೆ. ಪಕ್ಕೆಲುಬಿನ ಆಚೆಗೆ ನನಗೇನೂ ಬೇಡ. ತಪ್ಪದೆ ಪಾಲಿಸು, ಇದು ತಂಗಿಯ ಮಾತಲ್ಲ, ಡಾಕ್ಟರ ಆರ್ಡರ್!

ಜೂನ್‌ನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ನನ್ನ ಹೆಸರೂ ಓಡಾಡುತ್ತಿದೆ. ಅಮ್ಮನಿಗೆ ಈಗಲೇ ಹೇಳಬೇಡ, ಊರಿಗೆಲ್ಲ ಹೇಳುತ್ತಾರೆ.

ಚೂಟಿ

*

ಜನವರಿ 30

ಪ್ರೀತಿಯ ಚೂಟಿ,

ಆಯಿತಮ್ಮಾ ಮಹರಾಯ್ತಿ, ಕತ್ತರಿಸುತ್ತಿದ್ದೇನೆ. ನಿನ್ನ ಕಾಗದ ಬಂದ ದಿನದಿಂದ ಎದೆ ಅಂದರೆ ಎದೆ, ಹೊಟ್ಟೆ ಅಂದರೆ ಹೊಟ್ಟೆ. ಆಚೆಗಿರುವುದೂ ಒಮ್ಮೊಮ್ಮೆ ಬೇಕಾಗುತ್ತದಲ್ಲ ಅಂತ ಬರೆಯಲು ಹೊರಟೆ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಗುತ್ತದೆ ಅಂತ ಸುಮ್ಮನಾದೆ.

ಮೂರನೇ ಪೆಟ್ಟಿಗೆಯ ಗಂಡುಕೂಸು ಉಳಿಯಿತು! ಹೊಟ್ಟೆಯ ಚಿತ್ರ ನೋಡಿ ಗಡಿಬಿಡಿ ಡಾಕ್ಟರ್, "ಏನಿಲ್ಲ ಬಿಡಿ, ಹೊಟ್ಟೆ ಕಟ್ಟಿಕೊಂಡಿದೆ ಅಷ್ಟೆ," ಅಂದಿದ್ದರು. ನೀನು ಬರೆದೆ: ಕರುಳಿನ ಗೋಡೆಯೊಳಗೇ ಗಾಳಿಯ ಗುಳ್ಳೆಗಳು ಸಾಲುಗಟ್ಟಿವೆ, ಹಾಲು ನಿಲ್ಲಿಸಿ, ಆರು ಗಂಟೆ ಬಿಟ್ಟು ಪಕ್ಕಕ್ಕೆ ಮಲಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಹಾಗೇ ಮಾಡಿದೆವು. ಒಂಬತ್ತು ದಿನ ಹಾಲಿಲ್ಲ, ಬರೀ ಔಷಧ. ನಿನ್ನೆ ಮತ್ತೆ ಹಾಲು ಶುರುವಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತೀಯ ಕಣೇ ನೀನು. ಎಲ್ಲರೂ "ಆ ದೂರದ ಡಾಕ್ಟರ್" ಅಂತ ಹೊಗಳುವಾಗ ನನ್ನ ನಾಲಿಗೆ ತುದಿಯಲ್ಲಿ "ನನ್ನ ತಂಗಿ" ಅಂತ ಬಂದು ಬಂದು ವಾಪಸ್ ಹೋಗುತ್ತದೆ. ನಿನ್ನ ಆರ್ಡರ್ ಅಲ್ಲವೇ, ನುಂಗಿಕೊಳ್ಳುತ್ತೇನೆ.

ಅಕ್ಕ

*

ಫೆಬ್ರವರಿ 20

ಚೂಟಿ,

ಎಂಟು ದಿನದಿಂದ ಈ ಕಾಗದ ಬರೆಯಬೇಕು ಅಂತ ಕೂತು ಕೂತು ಎದ್ದಿದ್ದೇನೆ.

ನಮ್ಮಲ್ಲಿ ಒಂದು ಹೆಣ್ಣುಕೂಸಿದೆ, ಆರೂವರೆ ತಿಂಗಳಿಗೆ ಹುಟ್ಟಿದ್ದು. ಕೆಂಪಗೆ, ಇಷ್ಟೇ ಇಷ್ಟು. ಸಿಸ್ಟರುಗಳು ಗುಲಗಂಜಿ ಅಂತ ಹೆಸರಿಟ್ಟಿದ್ದಾರೆ. ಹನ್ನೆರಡನೇ ತಾರೀಖು ಬೆಳಿಗ್ಗೆ ಅದರ ಉಸಿರು ಸ್ವಲ್ಪ ಜೋರಾಯಿತು. ಚಿತ್ರ ತೆಗೆದು ಕಳಿಸಿದೆ. ಬೇರೆ ದಿನ ಅರ್ಧ ಗಂಟೆಯಾದರೂ ಕಾಯಬೇಕು, ಅವತ್ತು ನಾಲ್ಕೇ ನಿಮಿಷಕ್ಕೆ ನಿನ್ನ ರಿಪೋರ್ಟ್ ಬಂತು. ಬಲ ಎದೆಯಲ್ಲಿ ಶ್ವಾಸಕೋಶದ ಹೊರಗೆ ಗಾಳಿ ಸೋರಿದೆ, ತಕ್ಷಣ ಗಮನಿಸಿ ಅಂತ. ಎಷ್ಟು ಚುರುಕು ನೋಡು ನಮ್ಮ ಹುಡುಗಿ ಅಂದುಕೊಂಡೆ.

ಗಡಿಬಿಡಿ ಡಾಕ್ಟರ್ ಓದಿದವರೇ ಸೂಜಿ ಕೈಗೆತ್ತಿಕೊಂಡರು. ಪಕ್ಕಕ್ಕೆ ಮಲಗಿಸಿ ಇನ್ನೊಂದು ಚಿತ್ರ ತೆಗೆಯಿರಿ ಅಂತ ನೀನು ಬರೆದಿರಲಿಲ್ಲ, ಅವರಿಗೂ ಹೊಳೆಯಲಿಲ್ಲ. ಚುಚ್ಚಿದರು, ಗಾಳಿ ಬರಲಿಲ್ಲ. ಇನ್ನೊಂದು ಸಲ ಚುಚ್ಚಿದರು. ಕೂಸು ನೀಲಿಯಾಯಿತು. ಮತ್ತೆ ಚಿತ್ರ ತೆಗೆದರೆ, ಆಗ ಕಂಡಿತು ನಿಜವಾದ ಗಾಳಿ. ಸೂಜಿ ಚೆನ್ನಾಗಿದ್ದ ಶ್ವಾಸಕೋಶವನ್ನೇ ತೂತು ಮಾಡಿತ್ತು. ಎದೆಗೆ ನಳಿಕೆ ಹಾಕಿ ವೆಂಟಿಲೇಟರಿಗೆ ಹಾಕಿದ್ದಾರೆ. ಬದುಕಿದೆ. ಅಷ್ಟೇ ಹೇಳಬಲ್ಲೆ.

ಸಂಜೆ ಮೆಷಿನಿನೊಳಗೆ ಉಳಿದಿದ್ದ ಪೂರ್ತಿ ಚಿತ್ರ ತೆರೆದು ನೋಡಿದೆ. ನಾವು ಗಾಳಿಯ ಅಂಚು ಅಂದುಕೊಂಡ ಗೆರೆ ಎದೆಯೊಳಗೆ ನಿಂತಿಲ್ಲ ಕಣೇ. ಪಕ್ಕೆಲುಬು ದಾಟಿ, ಆಚೆಗೆ ಹೋಗಿ, ಕಂಕುಳಿನವರೆಗೂ ಓಡಿದೆ. ಎದೆಯೊಳಗಿನ ಗಾಳಿ ಪಕ್ಕೆಲುಬು ದಾಟುತ್ತದೆಯೇ? ಅದು ಚರ್ಮದ ಮಡಿಕೆ. ಬೆನ್ನಿನ ಚರ್ಮ ಪ್ಲೇಟಿಗೆ ಸಿಕ್ಕಿ ಮಡಿಚಿಕೊಂಡಿದೆ, ಅದರ ನೆರಳು. ಆ ಪೂರ್ತಿ ಚಿತ್ರದ ಪ್ರತಿ ಇದರ ಜೊತೆ ಇಟ್ಟಿದ್ದೇನೆ.

ಕತ್ತರಿಸಿ ಕಳಿಸಿದವಳು ನಾನು. ಈ ಕೈಯಿಂದಲೇ. ಅನ್ನದ ತುತ್ತು ಇಳಿಯುತ್ತಿಲ್ಲ.

ವಿಚಾರಣೆಗೆ ಒಂದು ಕಮಿಟಿ ಮಾಡುತ್ತಾರಂತೆ. ಯಾರ ತಪ್ಪು ಅಂತ ತೀರ್ಮಾನವಾಗುತ್ತದೋ ಅವರು ಈ ಕೂಸುಗಳ ಕೆಲಸದಿಂದ ಆಚೆ. ಇಪ್ಪತ್ತೆರಡು ವರ್ಷದಿಂದ ನನಗೆ ಇದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ಆದರೂ ಹೇಳಿಬಿಡೋಣ ಅನ್ನಿಸುತ್ತಿದೆ. ನೀನು ನೋಡುವುದರಲ್ಲಿ ತಪ್ಪಿದೆ, ನಾನು ಕಳಿಸುವುದರಲ್ಲಿ ತಪ್ಪಿದೆ, ಇಬ್ಬರೂ ಒಟ್ಟಿಗೆ ಹೋಗಿ ನಿಂತರೆ ಭಾರ ಅರ್ಧರ್ಧ. ಈ ಮಡಿಕೆಯ ವಿಷಯ ಇನ್ನೂ ಯಾರಿಗೂ ಹೇಳಿಲ್ಲ, ನಿನಗೆ ಮಾತ್ರ. ನೀನು ಹೇಗೆ ಹೇಳುತ್ತೀಯೋ ಹಾಗೆ.

ಅಕ್ಕ

*

ಫೆಬ್ರವರಿ 27

ಅಕ್ಕಾ,

ಕಾಗದ ತಲುಪಿತು, ಚಿತ್ರವೂ. ಮೊದಲು ಊಟ ಮಾಡು. ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ.

ಯಾರ ಹತ್ತಿರವೂ ಏನೂ ಮಾತಾಡಬೇಡ, ಆ ತಾಯಿಯ ಹತ್ತಿರವಂತೂ ಬೇಡವೇ ಬೇಡ. ಇಂಥದ್ದರಲ್ಲಿ ಒಂದು ಮಾತು ಮೊದಲು ಬಂದರೂ ಕಷ್ಟ, ಆಮೇಲೆ ಬಂದರೂ ಕಷ್ಟ. ನಾನು ನೋಡಿಕೊಳ್ಳುತ್ತೇನೆ.

ನನಗೆ ಪೂರ್ತಿ ಅರ್ಥವಾಗಬೇಕು, ಅದಕ್ಕೆ ಅವತ್ತು ಏನೇನಾಯಿತು ಅಂತ ಒಂದೂ ಬಿಡದೆ ಬರೆದು ಕಳಿಸು. ಪ್ಲೇಟ್ ಹಾಕುವಾಗ ಮಡಿಕೆ ನಿನ್ನ ಕಣ್ಣಿಗೆ ಬಿದ್ದಿತ್ತೇ? ಇನ್ನೊಮ್ಮೆ ಯಾಕೆ ತೆಗೆಯಲಿಲ್ಲ? ರಿಪೋರ್ಟ್ ಬಂದಾಗ ನಿನಗೇನು ಅನ್ನಿಸಿತು? ಕಂಪ್ಯೂಟರಿನಲ್ಲಿ ಬೇಡ, ಕೈಬರಹದಲ್ಲೇ ಬರಿ. ತಾರೀಖು ಹಾಕು.

ಹೆದರಬೇಡ. ನಾನಿದ್ದೇನೆ.

ಚೂಟಿ

*

ಮಾರ್ಚ್ 5

ಪ್ರೀತಿಯ ಚೂಟಿ,

"ನಾನಿದ್ದೇನೆ" ಅಂತ ಓದಿ ಜೋರಾಗಿ ಅತ್ತುಬಿಟ್ಟೆ. ಅಮ್ಮನಿಗೂ ಕೇಳಿಸಿತು ಅಂದರೆ ಎಷ್ಟು ಜೋರು ಅಂತ ಲೆಕ್ಕ ಹಾಕು. ನಿನ್ನ ಹತ್ತಿರ ಮುಚ್ಚಿಡುವುದೇನಿದೆ? ಕೇಳು.

ಮಡಿಕೆ ನನ್ನ ಕಣ್ಣಿಗೆ ಬಿದ್ದಿತ್ತು. ಪ್ಲೇಟ್ ಜಾರಿಸುವಾಗ ಬಲ ಬೆನ್ನಿನ ಚರ್ಮ ಸುಕ್ಕಾಯಿತು. ಬೆರಳಲ್ಲಿ ಸವರಿ ಸರಿ ಮಾಡಬೇಕಿತ್ತು. ಅಷ್ಟರಲ್ಲಿ ಕೂಸಿನ ಆಮ್ಲಜನಕ ಇಳಿಯತೊಡಗಿತು. ಡಾಕ್ಟರ್, "ಬೇಗ ಬೇಗ!" ಅಂದರು. ತೆಗೆದುಬಿಟ್ಟೆ. ಗೆರೆ ಬಂದರೂ ಚೂಟಿ ನೋಡುತ್ತಾಳೆ ಬಿಡು, ಅವಳ ಕಣ್ಣು ತಪ್ಪಿಸಲು ಆಗುತ್ತದೆಯೇ ಅಂದುಕೊಂಡೆ.

ರಿಪೋರ್ಟ್ ಓದಿದ ಕೂಡಲೇ ಆ ಮಡಿಕೆ ನೆನಪಾಯಿತು, ಹೋದ ಕಾಗದದಲ್ಲಿ ಇದನ್ನು ಬರೆಯಲಿಲ್ಲ. ಬಾಯಿ ತೆರೆದು, "ಡಾಕ್ಟರೇ, ಒಂದು ನಿಮಿಷ, ಇದು ಮಡಿಕೆ ಇರಬಹುದು," ಅಂದಿದ್ದರೆ ಸಾಕಿತ್ತು. ಪೆಟ್ಟಿಗೆಯ ತೂತು ತೋರಿಸಿ ಅವರನ್ನು ನಗೆಪಾಟಲು ಮಾಡಿದ್ದವಳು ನಾನೇ ತಾನೇ? ಆದರೆ ಆ ದಿನ ತಪ್ಪು ಗಡಿಬಿಡಿ ಡಾಕ್ಟರದ್ದಲ್ಲ, ನಿನ್ನದು. ಹತ್ತು ಜನರ ಮುಂದೆ ನಿನ್ನ ರಿಪೋರ್ಟ್ ಸುಳ್ಳು ಅಂತ ಹೇಗೆ ಹೇಳಲಿ? ಸೂಜಿ ಒಳಗೆ ಹೋಗುವುದನ್ನು ನೋಡುತ್ತಾ ನಿಂತೆ ಚೂಟಿ. ಇದನ್ನು ದೇವರ ಮುಂದೂ ಹೇಳಿಕೊಂಡಿಲ್ಲ.

ಗುಲಗಂಜಿಯ ನಳಿಕೆ ನಿನ್ನೆ ತೆಗೆದರು. ತಾಯಿ ದಿನಾ ಬಂದು ಗಾಜಿನ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ನನ್ನನ್ನು ಕಂಡರೆ, "ಇವತ್ತು ಹೇಗಿದ್ದಾಳಮ್ಮಾ?" ಅನ್ನುತ್ತಾಳೆ. ನಾನು ಪ್ಲೇಟ್ ಒರೆಸುತ್ತಾ ನಿಲ್ಲುತ್ತೇನೆ.

ಅಕ್ಕ

*

ಮಾರ್ಚ್ 24

ಚೂಟಿ,

ಇಪ್ಪತ್ತೊಂದಕ್ಕೆ ಕಮಿಟಿ ಕೂತಿತ್ತು. ಉದ್ದನೆ ಮೇಜು, ಐದು ಜನ. ನನಗೊಂದು ಕುರ್ಚಿ, ಮುಂದೆ ಒಂದು ಲೋಟ ನೀರು. ಅಧ್ಯಕ್ಷರು ಫೈಲಿನಿಂದ ಎರಡು ಹಾಳೆ ತೆಗೆದು, "ಇದು ನಿಮ್ಮ ಕೈಬರಹವೇನಮ್ಮಾ?" ಅಂದರು.

ನನ್ನ ಕಾಗದ. ಮಾರ್ಚ್ ಐದರದ್ದು. ಮೂಲೆಯಲ್ಲಿ ಅಮ್ಮನ ಕೆಮ್ಮಿನ ಔಷಧ ಚೆಲ್ಲಿದ ಕಲೆ ಕೂಡ ಹಾಗೇ ಇತ್ತು.

ಗಟ್ಟಿಯಾಗಿ ಓದಿದರು. "ಚೂಟಿ ನೋಡುತ್ತಾಳೆ ಬಿಡು" ಅನ್ನುವಲ್ಲಿ ನಿಲ್ಲಿಸಿ, "ಚೂಟಿ ಅಂದ್ರೆ ಯಾರು?" ಅಂತ ಕೇಳಿದರು. ಕೊನೆಯಲ್ಲಿ ಕೂತಿದ್ದವರೊಬ್ಬರು ನಕ್ಕರು. ಹತ್ತಿಯಲ್ಲಿ ಸುತ್ತಿಕೊಂಡಿದ್ದಾಗ ನಾನಿಟ್ಟ ಹೆಸರು ಅದು. ಆ ಮೇಜಿನ ಮೇಲೆ ಅದನ್ನು ಹಾಕಿ ನಗಿಸಿದೆಯಲ್ಲೇ!

ಆಮೇಲೆ ನಿನ್ನ ಹೇಳಿಕೆ ಓದಿದರು. ಪೂರ್ತಿ ಚಿತ್ರ ಕಳಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲವಂತೆ. ಕತ್ತರಿಸಿದ್ದು ಟೆಕ್ನಿಷಿಯನ್ನಿನ ಸ್ವಂತ ತೀರ್ಮಾನವಂತೆ. ಅನುಮಾನ ಬಂದು ನೀನೇ ಪೂರ್ತಿ ಚಿತ್ರ ತರಿಸಿಕೊಂಡು ಮಡಿಕೆಯನ್ನು ಪತ್ತೆ ಹಚ್ಚಿದೆಯಂತೆ. "ದೂರದಲ್ಲಿದ್ದರೂ ಎಷ್ಟು ಜವಾಬ್ದಾರಿ ನೋಡಿ," ಅಂದರು ಅಧ್ಯಕ್ಷರು.

"ಕತ್ತರಿಸಿ ಕಳಿಸಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?" ಅಂತ ಕೇಳಿದರು. ಲೋಟದ ನೀರು ಪೂರ್ತಿ ಕುಡಿದೆ. "ಯೋಚಿಸಿ ಹೇಳ್ತೀನಿ ಸಾರ್," ಅಂದೆ. ಕೊನೆಯ ಸಭೆ ಏಪ್ರಿಲ್ ಹದಿನೆಂಟಕ್ಕೆ.

ನಂಬಿಸಿ ಕತ್ತು ಕೊಯ್ಯುವುದು ಅಂತ ಕೇಳಿದ್ದೆ. ಕೊಯ್ಯಿಸಿಕೊಳ್ಳುವವರು ತಾವೇ ಕತ್ತಿಯನ್ನು ಸಾಣೆ ಹಿಡಿದು, ಅಂಚೆಯಲ್ಲಿ ಕಳಿಸುತ್ತಾರೆ ಅಂತ ಗೊತ್ತಿರಲಿಲ್ಲ. "ಕೈಬರಹದಲ್ಲೇ ಬರಿ, ತಾರೀಖು ಹಾಕು." ಥೂ! ನನ್ನ ದಡ್ಡತನಕ್ಕೆ ಇಷ್ಟು!

ಅದಕ್ಕೇ ಬರೆಸಿಕೊಂಡೆಯೇನೇ? ಅದೊಂದು ಹೇಳು. ಬರೆ ಅಂದಾಗಲೇ ಮನಸ್ಸಿನಲ್ಲಿತ್ತೋ, ಆಮೇಲೆ ಬಂತೋ?

ಅಕ್ಕ

*

ಮಾರ್ಚ್ 31

ಅಕ್ಕಾ,

ನಿನ್ನ ಕೋಪ ಅರ್ಥವಾಗುತ್ತದೆ. ಸ್ವಲ್ಪ ತಣ್ಣಗೆ ಯೋಚಿಸು.

ಅಲ್ಲಿ ನಿನಗೆ ಹೆಚ್ಚೆಂದರೆ ಏನಾಗುತ್ತದೆ? ವಾರ್ಡ್ ಬದಲಾಗುತ್ತದೆ. ಕೆಲಸ ಹೋಗುವುದಿಲ್ಲ, ನಾನು ವಿಚಾರಿಸಿದ್ದೇನೆ. ಇಲ್ಲಿ ನನಗೆ? ಒಂದು ತಪ್ಪು ರಿಪೋರ್ಟ್ ಅಂತ ದಾಖಲಾದರೆ ಹಿಂದಿನ ಸಾವಿರ ರಿಪೋರ್ಟ್ ತೆಗೆದು ನೋಡುತ್ತಾರೆ. ಕುರ್ಚಿ ಹಾಳಾಗಲಿ, ಡಾಕ್ಟರಿಕೆಯೇ ಉಳಿಯುವುದಿಲ್ಲ. ಒಬ್ಬರು ಮುಳುಗಿ ಒಬ್ಬರು ಉಳಿಯುವುದೋ, ಇಬ್ಬರೂ ಮುಳುಗುವುದೋ? ನೀನು ನನ್ನ ಜಾಗದಲ್ಲಿದ್ದರೂ ಇದನ್ನೇ ಮಾಡುತ್ತಿದ್ದೆ ಅನ್ನುವುದಿಲ್ಲ, ಯಾಕೆಂದರೆ ನೀನು ಮಾಡುತ್ತಿರಲಿಲ್ಲ. ಅದು ನನಗೆ ಗೊತ್ತು.

ಚಿಕ್ಕವಳಿದ್ದಾಗ ನಾನು ಒಡೆದ ಪ್ರತಿ ಲೋಟಕ್ಕೂ "ನಾನೇ ಒಡೆದೆ" ಅಂದವಳು ನೀನು. ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಂದೇ ಒಂದು ಸಲ ಅನ್ನು ಅಕ್ಕಾ. ಜೀವಮಾನ ಮರೆಯುವುದಿಲ್ಲ.

ಅಮ್ಮನಿಗೆ ಏನೂ ತಿಳಿಯದಿರಲಿ.

ಚೂಟಿ

*

ಏಪ್ರಿಲ್ 4

ಚೂಟಿ,

ನಿನ್ನ ಕಾಗದ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದರು. "ಅವಳದ್ದಾ? ಓದೇ, ಓದು," ಅಂದರು. ಓದಿದೆ. ಅಮ್ಮಾ, ಚೆನ್ನಾಗಿದ್ದೀನಿ, ಕೆಲಸ ಜಾಸ್ತಿ, ಅಕ್ಕನ ಆರೋಗ್ಯ ನೋಡಿಕೊ, ನಿನ್ನ ಕೈ ಊಟ ನೆನಪಾಗುತ್ತೆ. ಇಲ್ಲದ ಸಾಲುಗಳನ್ನೆಲ್ಲ ನಿನ್ನ ಹಾಳೆ ನೋಡಿಕೊಂಡೇ ಕೂಗಿ ಕೂಗಿ ಓದಿದೆ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಂಥ ನಾಟಕ ಕಲಿಸಿದೆ ನೋಡು ನನಗೆ.

ನಾನು ಕೇಳಿದ ಪ್ರಶ್ನೆಗೆ ಉತ್ತರ ಬರೆದಿಲ್ಲ. ಬರೆಯದೇ ಇದ್ದದ್ದೇ ಉತ್ತರ ಅಂದುಕೊಳ್ಳುತ್ತೇನೆ.

ಲೋಟ ಅಂದೆ. ಇದು ಲೋಟವಲ್ಲ ಕಣೇ. ಒಂದು ಕೂಸಿನ ಎದೆ. ಕಮಿಟಿಯವರು ಅವಳ ತಾಯಿಗೂ ತೀರ್ಪಿನ ಪ್ರತಿ ಕೊಡುತ್ತಾರೆ. ಆ ಹೆಂಗಸು ಜೀವನವಿಡೀ ಒಂದು ಸುಳ್ಳನ್ನು ನಿಜ ಅಂತ ಇಟ್ಟುಕೊಳ್ಳುತ್ತಾಳೆ. ಅದನ್ನು ನಾನೇ ಅವಳ ಕೈಗೆ ಕೊಡಬೇಕೇ? ನನ್ನ ತಪ್ಪಿಗೆ ನನಗೇನು ಆಗಬೇಕೋ ಆಗಲಿ, ಉಪ್ಪು ತಿಂದವಳು ನೀರು ಕುಡಿಯುತ್ತೇನೆ. ನಿನ್ನ ಪಾಲಿನ ಉಪ್ಪನ್ನೂ ನಾನೇ ಯಾಕೆ ತಿನ್ನಲಿ?

ಜನವರಿ ಹದಿನಾರರ ನಿನ್ನ ಕಾಗದ ನನ್ನ ಹತ್ತಿರ ಇದೆ. ನೀನು ಮರೆತಿರಬಹುದು. ಪಕ್ಕೆಲುಬಿನ ಆಚೆಗೆ ನನಗೇನೂ ಬೇಡ, ಡಾಕ್ಟರ ಆರ್ಡರ್ ಅಂತ, ನಿನ್ನ ಕೈಬರಹ, ನಿನ್ನ ಸಹಿ. ಮೂರು ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಅಧ್ಯಕ್ಷರ ಕೋಣೆಯವರೆಗೆ ಹೋಗಿ ಹೋಗಿ ತಿರುಗಿ ಬಂದೆ. ಮನೆಯವರು ಬರೆದ ಕಾಗದವನ್ನು ಹೊರಗಿನವರ ಮೇಜಿನ ಮೇಲೆ ಹಾಕಲು ನನ್ನ ಕೈಯಲ್ಲಿ ಆಗುವುದಿಲ್ಲ. ಅದು ಹೇಗಿರುತ್ತದೆ ಅಂತ ನನಗೆ ಗೊತ್ತು.

ಅದಕ್ಕೆ ಇದರ ಜೊತೆ ಆ ಕಾಗದವನ್ನೇ ನಿನಗೆ ಕಳಿಸುತ್ತಿದ್ದೇನೆ. ಅಸಲು ಪ್ರತಿ. ಜೆರಾಕ್ಸ್ ಮಾಡಿಸಿಲ್ಲ. ಅಂಗಡಿಯ ಮುಂದೆ ನಿಂತು, ಬೇಡ ಅಂತ ಬಂದೆ. ಮಾಡಿಸಿದ್ದರೆ ನಿನ್ನನ್ನು ನಂಬಿದ ಹಾಗಾಗುತ್ತಿರಲಿಲ್ಲ. ಹದಿನೆಂಟಕ್ಕೆ ನೀನೇ ಕಮಿಟಿಗೆ ಕೊಡು. ನನಗೆ ಶಿಕ್ಷೆ ಕಡಿಮೆಯಾಗಲಿ ಅಂತಲ್ಲ. ನನ್ನ ತಂಗಿ ಇನ್ನೂ ಇದ್ದಾಳೆ ಅಂತ ನನಗೆ ಗೊತ್ತಾಗಬೇಕು, ಅಷ್ಟೇ.

ರಿಜಿಸ್ಟರ್ ಅಂಚೆಯಲ್ಲಿ ಹಾಕುತ್ತಿದ್ದೇನೆ. ಎರಡೂ ಕಾಗದ ಒಳಗಿಟ್ಟು ಲಕೋಟೆಯನ್ನು ನಾನೇ ಅಂಟಿಸಿದ್ದೇನೆ.

ಅಕ್ಕ

*

ಏಪ್ರಿಲ್ 12

ಅಕ್ಕಾ,

ನಿನ್ನ ರಿಜಿಸ್ಟರ್ ಅಂಚೆ ತಲುಪಿತು. ಒಳಗೆ ನಿನ್ನ ಕಾಗದ ಒಂದೇ ಇತ್ತು. ನೀನು ಹೇಳುವ ಹಳೆಯ ಪತ್ರ ಇರಲಿಲ್ಲ. ಹಾಕುವುದನ್ನು ಮರೆತಿರಬೇಕು, ಇತ್ತೀಚೆಗೆ ನಿನ್ನ ತಲೆ ಸರಿಯಿಲ್ಲ ಪಾಪ. ಮನೆಯಲ್ಲೇ ಹುಡುಕಿ ನೋಡು.

ಅಂಥದ್ದೊಂದು ಪತ್ರ ನಾನು ಬರೆದ ನೆನಪೂ ನನಗಿಲ್ಲ.

ಹದಿನೆಂಟಕ್ಕೆ ಸಮಾಧಾನದಿಂದಿರು. ಮಾತ್ರೆ ಮರೆಯಬೇಡ.

ಚೂಟಿ

*

ಮೇ 2

ಮಾನ್ಯ ಡಾಕ್ಟರವರಿಗೆ,

ನಿಮ್ಮ ಏಪ್ರಿಲ್ 12ರ ಪತ್ರ ತಲುಪಿತು. ನೀವು ಹೇಳಿದಂತೆ ಮನೆಯಲ್ಲಿ ಹುಡುಕಿದೆ. ಸಿಗಲಿಲ್ಲ. ಸಿಗುವುದಿಲ್ಲ ಅಂತ ಗೊತ್ತಿದ್ದೂ ಎರಡು ದಿನ ಹುಡುಕಿದೆ. ಟ್ರಂಕಿನ ಬಟ್ಟೆಯನ್ನೆಲ್ಲ ಕೊಡವಿದೆ, ಅಮ್ಮನ ಹಾಸಿಗೆ ಎತ್ತಿ ನೋಡಿದೆ. ನಾನೇ ಮರೆತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಒಂದೇ ಆಸೆ. ನನ್ನ ತಲೆ ಕೆಟ್ಟಿರಲಿ, ನೀವು ಒಳ್ಳೆಯವರಾಗಿರಲಿ ಅಂತ.

ಹದಿನೆಂಟಕ್ಕೆ ಕಮಿಟಿಯ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಡಿಕೆ ನೋಡಿದೆ, ಸರಿ ಮಾಡಲಿಲ್ಲ. ರಿಪೋರ್ಟ್ ತಪ್ಪು ಅನ್ನಿಸಿತು, ಬಾಯಿ ಬಿಡಲಿಲ್ಲ. ಅಂಚು ಕತ್ತರಿಸಲು ಹೇಳಿದವರು ಡಾಕ್ಟರೇ, ಕಾಗದ ಬರೆದು ಹೇಳಿದರು. ಅಧ್ಯಕ್ಷರು, "ಆ ಕಾಗದ ಎಲ್ಲಿದೆ?" ಅಂದರು. "ಅವರಿಗೇ ವಾಪಸ್ ಕಳಿಸಿದೆ," ಅಂದೆ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಯಲ್ಲಿ ಕೂತವರು ಈ ಸಲ ನಗಲಿಲ್ಲ. "ಯಾರಾದ್ರೂ ಹಾಗೆ ಮಾಡ್ತಾರೇನಮ್ಮಾ?" ಅಂತ ಮೆಲ್ಲಗೆ ಕೇಳಿದರು.

ತೀರ್ಪು ನಿಮಗೂ ಬಂದಿರುತ್ತದೆ. ಟೆಕ್ನಿಷಿಯನ್ನಿನ ಅಲಕ್ಷ್ಯ, ಜೊತೆಗೆ ಹಿರಿಯ ವೈದ್ಯರ ಮೇಲೆ ಆಧಾರವಿಲ್ಲದ ಆಪಾದನೆ. ನನ್ನನ್ನು ಹೊರರೋಗಿಗಳ ವಿಭಾಗಕ್ಕೆ ಹಾಕಿದ್ದಾರೆ. ಈಗ ಮುದುಕರ ಮಂಡಿ, ಬಿದ್ದವರ ಮಣಿಕಟ್ಟು ತೆಗೆಯುತ್ತೇನೆ. ಹೇಳಿದ ಕಡೆ ತಾವೇ ತಿರುಗಿ ಮಲಗುತ್ತಾರೆ, ಉಸಿರು ಹಿಡಿಯಿರಿ ಅಂದರೆ ಹಿಡಿಯುತ್ತಾರೆ. ಯಾರ ಮೂಗಿಗೂ ಬೆರಳು ಹಿಡಿದು ನೋಡಬೇಕಾಗಿಲ್ಲ. ಮೊದಲ ದಿನ ಅಭ್ಯಾಸಬಲದಿಂದ ಹಸುಗೂಸುಗಳ ವಾರ್ಡಿನ ಬಾಗಿಲಿಗೇ ಹೋಗಿ ಕೈತೊಳೆಯುತ್ತಾ ನಿಂತಿದ್ದೆ. ದೊಡ್ಡ ಸಿಸ್ಟರ್ ಬಂದು ನಲ್ಲಿ ನಿಲ್ಲಿಸಿ, ಭುಜ ಹಿಡಿದು ಆಚೆ ಕಳಿಸಿದರು.

ಅಮ್ಮ ಕೇಳಿದರೆ ನಿಮ್ಮ ಕಾಗದಗಳನ್ನು ಓದುತ್ತೇನೆ. ಬಂದರೂ ಓದುತ್ತೇನೆ, ಬರದಿದ್ದರೂ ಓದುತ್ತೇನೆ. ಅಭ್ಯಾಸವಾಗಿದೆ. ನನಗೆ ಮಾತ್ರ ಇನ್ನು ಬರೆಯಬೇಡಿ.

ಈ ಕಾಗದ ಬರೆಯುವ ಕಾರಣ ಬೇರೆ. ಏಪ್ರಿಲ್ ಇಪ್ಪತ್ತೆಂಟಕ್ಕೆ ಗುಲಗಂಜಿ ಮನೆಗೆ ಹೋಯಿತು. ಉಸಿರಿಗೆ ಇನ್ನೂ ಸಣ್ಣ ಸಿಲಿಂಡರ್ ಬೇಕು, ಆದರೆ ಹೋಯಿತು. ನನ್ನ ಜಾಗಕ್ಕೆ ಬಂದ ಹೊಸ ಹುಡುಗಿ ರಜೆಯಲ್ಲಿದ್ದಳು ಅಂತ ಕಡೆಯ ಎದೆಯ ಚಿತ್ರಕ್ಕೆ ನನ್ನನ್ನು ಕರೆಸಿದರು. ಪ್ಲೇಟ್ ಹಿಡಿದು ಒಳಗೆ ಹೋದೆ. ತಾಯಿ ನನ್ನನ್ನು ನೋಡಿ ಕೂಸನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. "ಇವ್ರು ಬೇಡ. ಇವ್ರು ಮುಟ್ಟೋದು ಬೇಡ," ಅಂದಳು. ಜಗಳವಲ್ಲ, ಕೂಗಾಟವಲ್ಲ. ನಾನು ಪ್ಲೇಟನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಹೊರಡುವಾಗ ಕಾರಿಡಾರಿನಲ್ಲಿ ಮತ್ತೆ ಎದುರಾದಳು. ಬಿರುಸಾಗಿ ಮಾತಾಡಿದ್ದಕ್ಕೆ ಅವಳಿಗೇ ಬೇಜಾರಾಗಿತ್ತೇನೋ. "ತಪ್ಪು ಕಂಡುಹಿಡಿದ್ರಂತಲ್ಲ, ಆ ದೂರದ ಡಾಕ್ಟ್ರು, ಅವರಿಂದ ನನ್ನ ಮಗು ಉಳೀತು. ಅವರಿಗೆ ಎರಡು ಸಾಲು ಬರೀಬೇಕು. ಅಡ್ರೆಸ್ ನಿಮಗೆ ಗೊತ್ತಿರುತ್ತಲ್ಲ?" ಅಂದಳು.

ಗೊತ್ತು ಅಂದೆ. ಅವಳ ಕೈಯಲ್ಲಿದ್ದ ಆಸ್ಪತ್ರೆ ಚೀಟಿಯ ಹಿಂದೆ ನಾನೇ ಬರೆದುಕೊಟ್ಟೆ, ಪಿನ್‌ಕೋಡ್ ಸಮೇತ.

ಆ ಕಾಗದ ಈ ವಾರದಲ್ಲಿ ನಿಮಗೆ ಬರುತ್ತದೆ. ಅದನ್ನಾದರೂ ಬಂದಿಲ್ಲ ಅನ್ನಬೇಡಿ.

ಇತಿ,
ಹೊರರೋಗಿಗಳ ವಿಭಾಗದ ಎಕ್ಸ್‌ರೇ ಟೆಕ್ನಿಷಿಯನ್